ಪಂಕ್ಚರ್ ತೊಟ್ಟಿಯ ಗೆರೆಮೀನು

"ಅಯ್ಯೋ ಭಾವ, ಏನ್ ಮಾಡ್ತಿದೀರಿ?"

ಭಾವ ತಲೆ ಎತ್ತಲಿಲ್ಲ. ಸೈಕಲ್ ಅಂಗಡಿಯ ಮೂಲೆಯ ಸಿಮೆಂಟ್ ತೊಟ್ಟಿಯೊಳಗೆ ಅರ್ಧ ಮೈ ಇಳಿಸಿ, ಅಂಗಿಯ ತೋಳು ಮೇಲೇರಿಸಿಕೊಂಡು, ಬ್ರಷ್ಷಿನಿಂದ ಗಸಗಸ ತಿಕ್ಕುತ್ತಿದ್ದರು. ಸೋಪುಪುಡಿಯ ನೊರೆ ಮೊಣಕೈವರೆಗೂ ಹತ್ತಿತ್ತು. ಗೋಡೆಯಾಚೆಯ ಕೋಣೆಯಲ್ಲಿ ಅವರ ತಮ್ಮನ ದೇಹ ಮಲಗಿತ್ತು. ಊರೂರು ತಿರುಗಿ ಅಂಗಡಿಗಳ ಬೋರ್ಡು ಬರೆದು ಬದುಕಿದ ಈ ಅಣ್ಣನಿಗೆ ಅಳುವುದು ಹೇಗೆಂದೇ ಗೊತ್ತಿರಲಿಲ್ಲ. ಹಾಗಾಗಿ ಬೆಳಗಿನಿಂದ ಕಣ್ಣಿಗೆ ಬಿದ್ದದ್ದನ್ನೆಲ್ಲ ಗುಡಿಸಿ, ಒರೆಸಿ, ತಿಕ್ಕುತ್ತಿದ್ದರು. ನಟ್ಟು ಬಿಚ್ಚುವ ಪಾನಾಗಳು ಸಾಲಾಗಿ ಕೂತಿದ್ದವು, ಹಳೆಯ ಚೈನುಗಳು ಮೊಳೆಗೆ ನೇತುಬಿದ್ದಿದ್ದವು.

"ನೋಡು ತಾಯಿ, ಎಷ್ಟು ಚೆನ್ನಾಗಿ ಬಂತು," ಎಂದರು. "ಜನ ಬರ್ತಾರೆ, ಇಲ್ಲೂ ನಾಕು ಕುರ್ಚಿ ಹಾಕೋಣ ಅಂತ. ಅಬ್ಬಬ್ಬಾ, ಏನು ಪಾಚಿ! ಅಡೀಲಿ ಒಂದು ರಾಶಿ ಕಲ್ಲು ಬೇರೆ. ನನ್ನ ತಮ್ಮ ಎಲ್ಲದರಲ್ಲೂ ಅಚ್ಚುಕಟ್ಟು, ಈ ತೊಟ್ಟಿ ಒಂದನ್ನ ಯಾಕೆ ಹೀಗಿಟ್ಟಿದ್ನೋ."

ಬಾಗಿಲಲ್ಲಿ ನಿಂತ ತಮ್ಮನ ಹೆಂಡತಿಯ ಕೈಯಲ್ಲಿ ಸೈಕಲ್ ಪಂಪು ಇತ್ತು. ಗಂಡನ ತಲೆಯ ಹತ್ತಿರ ಕೂತಿದ್ದವಳು ಯಾರಿಗೂ ಹೇಳದೆ ಎದ್ದು ಬಂದದ್ದು ತೊಟ್ಟಿಯ ನೀರಿಗೆ ಗಾಳಿ ಹೊಡೆಯಲು. ಅವನು ಆಸ್ಪತ್ರೆ ಸೇರಿದಂದಿನಿಂದ ಬೆಳಗೂ ಸಂಜೆಯೂ ಬೈದುಕೊಂಡೇ ಮಾಡುತ್ತಿದ್ದ ಕೆಲಸ ಅದು. ಇವತ್ತು ಬೈಯಲು ಮನಸ್ಸು ಬಂದಿರಲಿಲ್ಲ, ಅಷ್ಟೆ.

"ನೀರೆಲ್ಲಿ ಭಾವ?"

"ಹಿಂದ್ಗಡೆ ಎರಚಿದೆ. ಬಕೆಟ್ ಎತ್ತಿ ಎತ್ತಿ ಸೊಂಟ ಬಿದ್ದೋಯ್ತು."

"ಅದರಲ್ಲಿ ಮೀನಿತ್ತು."

"ಮೀನಾ?" ಭಾವ ಬ್ರಷ್ಷು ಹಿಡಿದ ಕೈಯನ್ನು ಹಾಗೇ ಗಾಳಿಯಲ್ಲಿ ನಿಲ್ಲಿಸಿದರು. "ಯಾವ ಮೀನು? ಆ ಹಳೇ ಮೀನಾ? ಅವು ಇನ್ನೂ ಇದ್ವಾ?"

"ಇದ್ವು."

ಭಾವನ ಕನ್ನಡಕ ಜೇಬಿನಲ್ಲೇ ಇತ್ತು. ಇದ್ದರೂ ಕಾಣುತ್ತಿತ್ತೋ ಇಲ್ಲವೋ. ಪಾಚಿಯ ಬಣ್ಣದ ಮೀನು, ಬೆರಳಿನ ಎರಡು ಗೆಣ್ಣಿನಷ್ಟು ಉದ್ದ. ಮೇಲೆ ನೆರಳು ಬಿದ್ದರೆ ಸಾಕು, ಕಲ್ಲಿನ ಸಂದಿಗೆ ಸೇರಿಕೊಂಡು ಉಸಿರು ಬಿಗಿಹಿಡಿಯುವ ಜಾತಿ.

ಆಗ ಆಕೆಗೆ ಮೊದಲು ಆದದ್ದು ದುಃಖವಲ್ಲ, ಸಿಟ್ಟೂ ಅಲ್ಲ. ಹೆಗಲಿನ ಮೂಟೆಯನ್ನು ಯಾರೋ ಇಳಿಸಿಕೊಂಡಷ್ಟು ಹಗುರಾಯಿತು. ಸದ್ಯ, ಪೀಡೆ ತೊಲಗಿತು ಎಂದು ಮನಸ್ಸು ಅಂದೇ ಬಿಟ್ಟಿತು. ಇನ್ನು ಗಾಳಿ ಹೊಡೆಯುವುದಿಲ್ಲ, ನಲ್ಲಿ ನೀರನ್ನು ತುಂಬಿಸಿಟ್ಟು ಔಷಧಿ ವಾಸನೆ ಹೋಗುವವರೆಗೆ ಕಾಯುವುದಿಲ್ಲ. ಬಾಗಿಲಿಗೆ ಬೀಗ ಹಾಕಿ ಎಲ್ಲಿಗೆ ಬೇಕಾದರೂ ಹೋಗಬಹುದು. ಆ ಹಗುರ ಬಹಳ ಹೊತ್ತು ಉಳಿಯಲಿಲ್ಲ. ಗೋಡೆಯಾಚೆ ಯಾರೋ ಬಿಕ್ಕಿದರು. ಗಂಡ ಹೋದ, ಅವನ ಮೀನೂ ಹೋಯಿತು, ಎರಡೂ ಒಂದೇ ದಿನ. ಪಂಪು ಬಿಸಾಡಿ ಹಿಂಬಾಗಿಲಿಗೆ ಓಡಿದಳು.

* * *

ಮದುವೆಯಾದ ಹೊಸದರಲ್ಲಿ ಒಂದು ದಿನ ಆಕೆ ಗಂಡನನ್ನು ಕಿಟಕಿ ಪರದೆಗೆ ಬಟ್ಟೆ ತರಲು ಕಳಿಸಿದ್ದಳು. ಹಳದಿ ಹೂವಿನದು ಬೇಕು, ತೆಳ್ಳಗಿರಬೇಕು, ಗಾಳಿ ಆಡಬೇಕು ಎಂದು ಹೇಳಿದ್ದನ್ನೇ ಹೇಳಿ ಕಳಿಸಿದ್ದಳು. ಮಧ್ಯಾಹ್ನ ಹೋದವನು ಸಂಜೆ ಬಂದ. ಮೊಣಕಾಲುವರೆಗೆ ಕೆಸರು, ಹೆಗಲ ಮೇಲೆ ಬಕೆಟ್ಟು. ಹಳದಿ ಹೂವಿನ ಬಟ್ಟೆ ನಾಲ್ಕೂ ಮೂಲೆಗೆ ಗಂಟು ಬಿದ್ದು, ಹೂವು ಯಾವುದು ಕೆಸರು ಯಾವುದು ತಿಳಿಯದಂತಾಗಿತ್ತು.

"ಬಟ್ಟೆ ಭಾಳ ಒಳ್ಳೇದು ಕಣೇ," ಎಂದ. "ನೀರು ಸೋರುತ್ತೆ, ಮರಿ ಸೋರಲ್ಲ."

ಅವರ ಬೀದಿಯ ಅಂಗಡಿಗಳ ಹಿಂದೆ ಒಂದು ತೊರೆ ಹರಿಯುತ್ತಿತ್ತು. ದೊಡ್ಡದೇನಲ್ಲ, ಉದ್ದ ಕಾಲಿನವರು ಒಂದೇ ಹೆಜ್ಜೆಗೆ ದಾಟುವಂಥದ್ದು. ಗುಡ್ಡದ ಬುಡದಲ್ಲಿ ಬುಗ್ಗೆ, ಅಲ್ಲಿಂದ ಕೆಳಕ್ಕೆ ನುಣ್ಣನೆ ಉರುಟು ಕಲ್ಲು, ದಡದ ಬೇರು, ಬೇಸಗೆಯಲ್ಲೂ ಕಾಲು ಜುಮ್ಮೆನ್ನುವ ತಣ್ಣೀರು. ಅದರಲ್ಲಿದ್ದದ್ದೇ ಈ ಮೀನು. ಮೈಯ ಉದ್ದಕ್ಕೂ ಪೆನ್ಸಿಲಿನಿಂದ ಎಳೆದಂಥ ಕಪ್ಪು ಗೆರೆಯಿದ್ದುದರಿಂದ ಬೀದಿಯ ಮಕ್ಕಳು ಗೆರೆಮೀನು ಎನ್ನುತ್ತಿದ್ದರು. ತಿನ್ನಲು ಬರದು, ಮಾರಲು ಬರದು. ಹಾಗಾಗಿ ದೊಡ್ಡವರಾರಿಗೂ ಅದರ ಹೆಸರು ಬೇಕಾಗಿರಲಿಲ್ಲ. ಅಂಗಡಿಗಳವರೆಲ್ಲ ಕಸ ಸುರಿದು ಸುರಿದು ತೊರೆ ನಾರತೊಡಗಿದಾಗ, ಅದನ್ನು ಪೈಪಿನೊಳಗೆ ಹಾಕಿ ಮೇಲೆ ಕಾಂಕ್ರೀಟು ಮುಚ್ಚುವುದೆಂದು ಊರು ತೀರ್ಮಾನಿಸಿತು. ಮಾರನೆಯ ದಿನ ಯಂತ್ರ ಇಳಿಯುವುದಿತ್ತು.

"ಎಲ್ಲೂ ಹೋಗೋಕ್ಕೆ ದಾರಿಯಿಲ್ಲ ಅವಕ್ಕೆ," ಎಂದ ಗಂಡ. "ಮೇಲೆ ಬುಗ್ಗೆ, ಕೆಳಗೆ ಕೊಳೆ. ಈ ಊರು ಬಿಟ್ಟು ಬೇರೆ ಕಡೆ ನಾನಂತೂ ಈ ಮೀನು ನೋಡಿಲ್ಲ. ಒಂದು ಸ್ವಲ್ಪ ದಿನ ನಮ್ಮ ತೊಟ್ಟೀಲಿರಲಿ. ತೊರೆ ಸರಿಹೋದ್ಮೇಲೆ ಬಿಟ್ಟುಬಿಡ್ತೀನಿ."

"ಕಾಂಕ್ರೀಟ್ ಹಾಕಿದ ಮೇಲೆ ತೊರೆ ಸರಿಹೋಗತ್ತಾ?"

ಗಂಡ ತಲೆ ಕೆರೆದುಕೊಂಡ. ಅಷ್ಟು ದೂರ ಅವನು ಯೋಚಿಸಿರಲಿಲ್ಲ. ಆಕೆ ಪರದೆಯ ಬಟ್ಟೆಗಾಗಿ ಅವನೊಂದಿಗೆ ಮಾತು ಬಿಟ್ಟಳು; ಅವನು ಮೀನಿನೊಂದಿಗೆ ಮಾತಾಡುತ್ತ ಆ ಕೊರತೆ ತುಂಬಿಕೊಂಡ. ಸ್ವಲ್ಪ ದಿನ ಎಂದದ್ದು ಒಂದು ಸಂಸಾರದಷ್ಟು ಉದ್ದವಾಯಿತು.

* * *

ಹಿಂಬಾಗಿಲಿನ ಮೆಟ್ಟಿಲ ಕೆಳಗೆ ನೆಲ ಒದ್ದೆಯಾಗಿತ್ತು. ಕಲ್ಲಿನ ರಾಶಿಯ ಪಕ್ಕ ಬಿಸಿಲಿಗೆ ಬಿದ್ದ ನಾಲ್ಕಾರು ಮೀನುಗಳು ಆಗಲೇ ಕಡ್ಡಿಯಂತೆ ಸೆಟೆದಿದ್ದವು. ಒಂದನ್ನು ಎತ್ತಿ ಅಂಗೈಯಲ್ಲಿಟ್ಟುಕೊಂಡಳು. ಬಾಲ ಅಲುಗಲಿಲ್ಲ. ಬೆಳಗಿನಿಂದ ಒಣಗಿದ್ದ ಕಣ್ಣು ಆಗ ತುಂಬಿ ಬಂತು.

ಬೆನ್ನ ಹಿಂದೆ ಭಾವ ಬಂದು ನಿಂತಿದ್ದರು. ಅವರ ಮುಖ ನೋಡುವಂತಿರಲಿಲ್ಲ.

"ಕೊಂದುಬಿಟ್ನಾ?" ಎಂದರು. "ನನ್ನ ತಮ್ಮ ಸಾಕಿದ್ದನ್ನ ನಾನೇ ಕೈಯಾರೆ..."

ಅವರ ಮಾತು ಮುಗಿಯುವ ಮೊದಲೇ ಚಟ್ ಎಂದು ಸದ್ದಾಯಿತು. ಗೋಡೆಗೆ ಒತ್ತಿ ಹಳೆಯ ಟೈರುಗಳನ್ನು ಒಂದರ ಮೇಲೊಂದು ಮಲಗಿಸಿಟ್ಟಿದ್ದರು, ನಾಲ್ಕೈದು ಗುಡ್ಡೆ. ಮಲಗಿದ ಟೈರಿನ ಹೊಟ್ಟೆಯಲ್ಲಿ ನೀರು ನಿಲ್ಲುತ್ತದೆ. ಹಾಗೆ ನಿಂತ ನೀರಿಗೆ ಸೊಳ್ಳೆ ಬರುತ್ತದೆಂದು ಗಂಡ ವಾರಕ್ಕೊಮ್ಮೆ ಟೈರುಗಳನ್ನೆಲ್ಲ ಎತ್ತಿ ಕೊಡವುತ್ತಿದ್ದ. ಅವನು ಆಸ್ಪತ್ರೆ ಸೇರಿದ ಮೇಲೆ ಕೊಡವುವವರಿರಲಿಲ್ಲ; ಭಾವ ಎರಚಿದ ನೀರೂ ಅವುಗಳೊಳಗೇ ಬಿದ್ದಿತ್ತು. ಆಕೆ ಬಾಗಿ ಮೇಲಿನ ಟೈರಿನೊಳಗೆ ಇಣುಕಿದಳು. ಬೆರಳು ಮುಳುಗುವಷ್ಟು ನೀರು, ಅದರಲ್ಲಿ ಒಂದು ಕಪ್ಪು ಗೆರೆ ಸರ್ರೆಂದು ಓಡಿತು.

"ಭಾವ, ಬಕೆಟ್! ಲೋಟ! ಏನಾದ್ರೂ ತನ್ನಿ!"

ಅಲ್ಲಿಂದ ಮುಂದೆ ಆ ಮನೆಯಲ್ಲಿ ನಡೆದದ್ದನ್ನು ಸಾವಿನ ಮನೆಯಲ್ಲಿ ಯಾರೂ ಕಂಡಿರಲಿಕ್ಕಿಲ್ಲ. ಕೂಗು ಕೇಳಿ ಮೊದಲು ಓಡಿ ಬಂದವಳು ಮಗಳು. ಬಸ್ ಕಂಡಕ್ಟರ್, ರಾತ್ರಿ ಪಾಳಿ ಮುಗಿಸಿ ಸಮವಸ್ತ್ರದಲ್ಲೇ ಬಂದಿದ್ದಳು. ಅಮ್ಮನಿಗೆ ದುಃಖದಲ್ಲಿ ಏನೋ ಆಯಿತೆಂದು ಹೆದರಿ ಬಂದವಳು, ಟೈರಿನೊಳಗೆ ತಲೆ ತೂರಿಸಿದ ಅಮ್ಮ, ಟೀ ಸೋಸುವ ಜರಡಿ ಹಿಡಿದ ದೊಡ್ಡಪ್ಪ, ಇಬ್ಬರನ್ನೂ ನೋಡಿ ಒಂದು ಗಳಿಗೆ ನಿಂತಳು. ಆಮೇಲೆ ವಿಷಯ ತಿಳಿದು, ಬಾಗಿಲ ಕಡೆ ತಿರುಗಿ, ತುಂಬಿದ ಬಸ್ಸಿನಲ್ಲಿ ಕೂಗುವ ದನಿ ತೆಗೆದಳು.

"ಬನ್ನಿ ಬನ್ನಿ, ಹಿಂದೆ ಜಾಗ ಇದೆ! ಲೋಟ ಇರೋರು ಮುಂದೆ ಬನ್ನಿ. ಟೈರ್ ಯಾರೂ ಜಗ್ಗಬೇಡಿ, ನೀರು ಚೆಲ್ಲಿಹೋಗತ್ತೆ. ಮೇಲಿಂದ ಒಂದೊಂದೇ ಇಳಿಸಿ!"

ಅಳಲು ಬಂದವರೆಲ್ಲ ಲೋಟ ಹಿಡಿದರು. ಎದುರಂಗಡಿಯ ಕ್ಷೌರಿಕ ಪ್ಯಾಂಟು ಕೊಳೆಯಾಗುವುದನ್ನೂ ನೋಡದೆ ಮೊಣಕಾಲೂರಿದ. ಅಂಚೆಯಣ್ಣ ತನ್ನ ನೀರಿನ ಬಾಟಲಿಯನ್ನು ಖಾಲಿ ಮಾಡಿ ಕೊಟ್ಟ. ಹೊತ್ತಾಯಿತೆಂದು ಹೇಳಲು ಒಳಗೆ ಬಂದ ಶವದ ವ್ಯಾನಿನ ಡ್ರೈವರಿಗೂ ಯಾರೋ ಒಂದು ಬಟ್ಟಲು ಕೊಟ್ಟುಬಿಟ್ಟರು.

"ಇದೆಂಥ ಮೀನ್ರೀ, ಕಣ್ಣಿಗೇ ಕಾಣಲ್ಲ," ಎಂದ ಡ್ರೈವರ್ ಬಟ್ಟಲಿನೊಳಗೆ ಕಣ್ಣು ಕಿರಿದು ಮಾಡಿ. "ಇದಕ್ಕೋಸ್ಕರ ವ್ಯಾನ್ ನಿಲ್ಸಿದೀರಾ?"

"ಬಾಯಿ ಮುಚ್ಕೊಂಡು ಹಿಡಿಯಪ್ಪ," ಎಂದ ಕ್ಷೌರಿಕ. "ಇದಕ್ಕೋಸ್ಕರ ಗಾಳಿಯಣ್ಣ ನಮ್ಮ ಟ್ಯೂಬಿಗೆಲ್ಲ ಸ್ನಾನ ಮಾಡಿಸ್ತಿದ್ದ."

ಗಂಡನನ್ನು ಊರೆಲ್ಲ ಕರೆಯುತ್ತಿದ್ದದ್ದು ಗಾಳಿಯಣ್ಣ ಎಂದೇ. ಪಂಕ್ಚರಾದ ಟ್ಯೂಬು ತಂದರೆ ಉಳಿದ ಅಂಗಡಿಯವರು ನೇರ ನೀರಿನಲ್ಲಿ ಅದ್ದಿ ಗುಳ್ಳೆ ನೋಡುತ್ತಾರೆ. ಗಾಳಿಯಣ್ಣ ಮೊದಲು ಬಕೆಟ್ಟಿನಲ್ಲಿ ಟ್ಯೂಬು ತೊಳೆಯುತ್ತಿದ್ದ, ಬಟ್ಟೆಯಿಂದ ಒರೆಸುತ್ತಿದ್ದ, ಗ್ರೀಸು ಹತ್ತಿದ ತನ್ನ ಕೈಯನ್ನೂ ಉಜ್ಜಿ ತೊಳೆದುಕೊಂಡು ಆಮೇಲೆ ತೊಟ್ಟಿಗೆ ಅದ್ದುತ್ತಿದ್ದ. ಅವಸರದವರು ಗೊಣಗಿ ಬೇರೆ ಅಂಗಡಿಗೆ ಹೋದರು. ಪುರುಸೊತ್ತಿನವರು ಉಳಿದರು. ತೊಟ್ಟಿಯಲ್ಲಿ ಟ್ಯೂಬಿನಿಂದ ಗುಳ್ಳೆ ಎದ್ದಲ್ಲಿಗೆ ಮೀನುಗಳು ಮೂತಿ ಹಚ್ಚಿ ಬರುತ್ತಿದ್ದವು. "ನೋಡಿ, ತೂತು ಎಲ್ಲಿದೆ ಅಂತ ಅವೇ ತೋರಿಸ್ತಾವೆ" ಎಂದು ಗಾಳಿಯಣ್ಣ ಹೇಳಿದರೆ ನಗದವರು ಯಾರೂ ಇರಲಿಲ್ಲ.

ಒಂದೊಂದೇ ಟೈರು ಇಳಿಯಿತು. ಕೆಲವದರಲ್ಲಿ ನೀರೂ ಇರಲಿಲ್ಲ, ಕೆಲವದರಲ್ಲಿ ನೀರಿದ್ದರೂ ಮೀನು ಮಗ್ಗುಲಾಗಿತ್ತು. ಆದರೂ ಬಕೆಟ್ಟಿನಲ್ಲಿ ಗೆರೆಗಳು ಹೆಚ್ಚುತ್ತ ಹೋದವು. ಭಾವ ಒಂದು ಮೀನು ಸಿಕ್ಕಾಗಲೆಲ್ಲ ಜರಡಿಯನ್ನು ಎರಡೂ ಕೈಯಲ್ಲಿ ಹಿಡಿದು, ತುಂಬಿದ ಲೋಟ ತರುವವರ ಹಾಗೆ ಹೆಜ್ಜೆಯ ಮೇಲೆ ಹೆಜ್ಜೆಯಿಟ್ಟು ಬರುತ್ತಿದ್ದರು. ಅವರ ಕೆನ್ನೆ ಒದ್ದೆಯಾಗಿತ್ತು. ತಮ್ಮನಿಗಾಗಿ ಬಾರದ ಅಳು ಮೀನಿನ ನೆಪದಲ್ಲಿ ಬಂದಿತ್ತು.

* * *

ತನ್ನ ತಂಗಿಯ ಮದುವೆಗೆ ಹೋದಾಗಲೂ ಆಕೆ ಕೊನೆಯ ಬಸ್ಸಿಗೆ ವಾಪಸು ಬರಬೇಕಾಯಿತು. ತವರಿನವರೆಲ್ಲ ಕೈ ಹಿಡಿದು ನಿಲ್ಲಿಸಿಕೊಂಡರು. ಗಂಡ ಮಾತ್ರ ಬಾಗಿಲಲ್ಲಿ ಚಪ್ಪಲಿ ಹಾಕಿಕೊಂಡು ನಿಂತಿದ್ದ.

"ಬೆಳಿಗ್ಗೆ ಗಾಳಿ ಹೊಡೀಬೇಕಲ್ಲ," ಎಂದ, ಬಹಳ ಮೆಲ್ಲಗೆ.

"ನನ್ನನ್ನ ಕಟ್ಕೊಂಡ್ರಾ, ಮೀನನ್ನ ಕಟ್ಕೊಂಡ್ರಾ?" ಎಂದು ಬಸ್ಸಿನಲ್ಲಿ ಕೇಳಿದಳು. ಅವನು ಕಿಟಕಿಯ ಕಡೆ ಅವಳನ್ನು ಕೂರಿಸಿ ಶಾಲು ಹೊದಿಸಿದ. ಸಿಟ್ಟು ಮಾಡಿಕೊಳ್ಳಲೂ ಬಿಡದಷ್ಟು ಒಳ್ಳೆಯವನು, ಅದೇ ಅವಳ ದೊಡ್ಡ ಸಿಟ್ಟು. ಹೀಗೆ ಒಂದು ರಾತ್ರಿಯೂ ಗಂಡ ಹೆಂಡತಿ ಜೊತೆಯಾಗಿ ಮನೆಯ ಹೊರಗೆ ಮಲಗಲಿಲ್ಲ. ಮೀನುಗಳನ್ನು ಆಕೆ ಸವತಿಯರು ಎಂದು ಕರೆಯುತ್ತಿದ್ದಳು. ಬೀದಿಯಲ್ಲಿ ಅದೊಂದು ತಮಾಷೆಯಾಗಿತ್ತು. ಆಕೆಗೆ ಮಾತ್ರ ಅದು ಪೂರ್ತಿ ತಮಾಷೆಯಾಗಿರಲಿಲ್ಲ.

ಕಳೆದ ವರ್ಷ ಜೋರು ಮಳೆಗೆ ಪೈಪು ಕಟ್ಟಿಕೊಂಡು, ನೀರು ಅಂಗಡಿಗಳಿಗೆಲ್ಲ ನುಗ್ಗಿತು. ಕಾಂಕ್ರೀಟು ಬಿರುಕು ಬಿಟ್ಟಿತು. ಅದನ್ನು ಮತ್ತೆ ಮುಚ್ಚುವ ಬದಲು ಒಡೆದು ತೆಗೆದು ತೊರೆಯನ್ನು ಬಯಲಿಗೆ ಬಿಡುವುದು ಒಳ್ಳೆಯದೆಂದು ನೀರಿನ ಕಚೇರಿಯ ಎಂಜಿನಿಯರ್ ಹುಡುಗಿಯೊಬ್ಬಳು ಹಟ ಹಿಡಿದಳು. ತೊರೆ ಮುಂಚೆ ಹೇಗಿತ್ತು ಎಂದು ಕೇಳಿಕೊಂಡು ಬೀದಿಗೆ ಬಂದವಳಿಗೆ ಗಾಳಿಯಣ್ಣ ತೊಟ್ಟಿ ತೋರಿಸಿದ. ಹುಡುಗಿ ಕಣ್ಣರಳಿಸಿ ತೊಟ್ಟಿಯ ಅಂಚಿಗೆ ಕೂತವಳು, ಟೀ ಆರಿಹೋಗುವವರೆಗೂ ಏಳಲಿಲ್ಲ.

ಕಾಂಕ್ರೀಟು ಹೋಯಿತು. ಉರುಟು ಕಲ್ಲು ಹಾಸಿದರು. ಬುಗ್ಗೆಯ ನೀರು ಮೊದಲು ಕೆಂಪಗೆ, ಆಮೇಲೆ ತಿಳಿಯಾಗಿ ಹರಿಯಿತು. ಆದರೆ ಗಾಳಿಯಣ್ಣ ಮೀನು ಬಿಡಲು ಒಪ್ಪಲಿಲ್ಲ. ಕಲ್ಲು ಇನ್ನೂ ಬೋಳು ಎಂದ. ಪಾಚಿ ಹಿಡಿಯಲಿ, ಪಾಚಿಗೆ ಹುಳ ಬರಲಿ, ಅಲ್ಲಿಯವರೆಗೆ ಅವೇನು ತಿನ್ನುತ್ತವೆ ಎಂದ. ಹುಡುಗಿಗೂ ಅದೇ ಸರಿ ಕಂಡಿತು. ಇಬ್ಬರೂ ವಾರಕ್ಕೊಮ್ಮೆ ಹೋಗಿ ಕಲ್ಲು ಮಗುಚಿ ನೋಡಿ ಬರುತ್ತಿದ್ದರು. ಅಷ್ಟರಲ್ಲಿ ಅವನ ಎದೆ ಕೈಕೊಟ್ಟಿತು.

ಆಸ್ಪತ್ರೆಯಲ್ಲಿ ಆಕೆ ಸುದ್ದಿ ತಂದಳು. "ಆ ಹುಡುಗಿ ಬಂದಿದ್ಲು. ಪಾಚಿ ಬಂದಿದೆಯಂತೆ. ಹುಳಾನೂ ಬಂದಿದೆಯಂತೆ. ಬಿಡಬಹುದಂತೆ."

ಗಂಡನ ಮುಖ ಅರಳಿತು. ಮೂಗಿನ ನಳಿಕೆ ಪಕ್ಕಕ್ಕೆ ಸರಿಸಿ, "ನಾನಿಲ್ದೆ ಬಿಡ್ಬೇಡ ಕಣೇ. ನಾನು ಮನೆಗೆ ಬಂದ್ಮೇಲೆ ಬಿಡೋಣ," ಎಂದ.

"ಬಿಟ್ಟು?"

"ಬಿಟ್ಟು ಎಲ್ಲಿಗಾದ್ರೂ ಹೋಗೋಣ. ಸಮುದ್ರಕ್ಕೆ ಹೋಗೋಣ. ಒಂದು ವಾರ ಇದ್ದು ಬರೋಣ."

"ಮೀನು ಬಿಟ್ಟು ಮತ್ತೆ ನೀರು ನೋಡೋಕ್ಕೇ ಹೋಗೋದಾ?" ಎಂದಳು. ಇಬ್ಬರೂ ನಕ್ಕರು. ನರ್ಸ್ ಬಂದು, ನಗಬೇಡಿ, ನಳಿಕೆ ಸರಿಯಾಗಿ ಹಾಕಿಕೊಳ್ಳಿ ಎಂದು ಗದರಿದಳು.

* * *

ಕೊನೆಯ ಟೈರು ಇಳಿಸಿ ಮುಗಿದಾಗ ಎಂಜಿನಿಯರ್ ಹುಡುಗಿ ಬಿಳಿ ಹೂವಿನ ಕಟ್ಟು ಹಿಡಿದು ಬಂದಳು. ಹೂವನ್ನು ಗಾಳಿಯಣ್ಣನ ಕಾಲ ಬಳಿ ಇಟ್ಟು, ಹಿಂದಕ್ಕೆ ಬಂದು, ಬಕೆಟ್ಟಿನ ಮುಂದೆ ಕುಕ್ಕರಗಾಲಲ್ಲಿ ಕೂತಳು. ಮೀನುಗಳು ಮೇಲೆ ಬಂದು ಬಾಯಿ ತೆರೆದು ಮುಚ್ಚುತ್ತಿದ್ದವು. ಟೈರಿನ ನೀರು ಬೆಚ್ಚಗೆ, ರಬ್ಬರು ವಾಸನೆ ಬೇರೆ.

"ಇದರಲ್ಲಿ ಬಹಳ ಹೊತ್ತು ಇರಲ್ಲಮ್ಮ," ಎಂದಳು.

ಮಗಳು ಅಮ್ಮನ ಪಕ್ಕಕ್ಕೆ ಬಂದಳು. "ತೊಟ್ಟಿ ಚೆನ್ನಾಗಿ ತೊಳೆದು ಮತ್ತೆ ಅಲ್ಲೇ ಬಿಡೋಣ. ಅಪ್ಪನ ನೆನಪಿಗೆ ಇರಲಿ."

"ಹಾಗೂ ಮಾಡಬಹುದು," ಎಂದಳು ಹುಡುಗಿ. "ನಾನೇ ತೊರೆಯಿಂದ ಕ್ಯಾನಿನಲ್ಲಿ ನೀರು ತಂದುಕೊಡ್ತೀನಿ. ಇಲ್ಲಾಂದ್ರೆ ತೊರೆಗೇ ಬಿಡಬಹುದು. ಅಲ್ಲಿ ಬದುಕುತ್ತವೆ ಅಂತ ನನಗನ್ನಿಸತ್ತೆ. ಖಂಡಿತ ಅಂತ ಹೇಳೋಕ್ಕಾಗಲ್ಲ. ನೀವು ಹೇಳಿದ ಹಾಗೆ."

ಎಲ್ಲರೂ ಆಕೆಯ ಮುಖ ನೋಡಿದರು. ಇಷ್ಟು ವರ್ಷ ತೊಲಗಲಿ ತೊಲಗಲಿ ಎಂದವಳಿಗೆ ಈಗ ಬಿಟ್ಟುಕೊಡಲು ಮನಸ್ಸಾಗಲಿಲ್ಲ. ತೊಟ್ಟಿಗೆ ಬಿಟ್ಟರೆ ನಾಳೆ ಬೆಳಿಗ್ಗೆ ಏಳಲು ಒಂದು ಕಾರಣ ಇರುತ್ತದೆ. ಪಂಪು ಒತ್ತುತ್ತ ಬೈಯಬಹುದು. ಬೈದರೆ ಅವನು ಪಕ್ಕದಲ್ಲೇ ಇದ್ದಂತೆ. ತೊರೆಗೆ ಬಿಟ್ಟರೆ ಯಾರನ್ನು ಬೈಯುವುದು? ಅಲ್ಲಿ ಇವು ಸತ್ತರೆ ಯಾರಿಗೆ ಉತ್ತರ ಹೇಳುವುದು? ಆಕೆ ಬಕೆಟ್ಟಿನೊಳಗೆ ನೋಡುತ್ತಲೇ ಇದ್ದಳು. ಒಂದು ಮರಿ, ರೆಪ್ಪೆಗೂದಲಿನಷ್ಟು, ದೊಡ್ಡದರ ಬೆನ್ನ ಹಿಂದೆಯೇ ಓಡಾಡುತ್ತಿತ್ತು.

"ಮನೆಗೆ ಬಂದ್ಮೇಲೆ ಬಿಡೋಣ ಅಂದಿದ್ರು," ಎಂದಳು ಕೊನೆಗೆ.

ಮಗಳು ಅಮ್ಮನ ಭುಜ ಹಿಡಿದಳು. "ಅಮ್ಮ..."

"ಬಂದಿದಾರಲ್ಲ. ಒಳಗೆ ಮಲಗಿದಾರೆ." ಆಕೆ ಬಕೆಟ್ಟಿನ ಹಿಡಿ ಹಿಡಿದು ಎದ್ದಳು. "ಇನ್ನು ಯಾವತ್ತು ಬರ್ತಾರೆ? ಇವತ್ತೇ ಬಿಡೋಣ. ಅವರಿದ್ದಾಗಲೇ."

ಮಗಳು ಬಕೆಟ್ಟಿನ ಅಂಚು ಹಿಡಿದು ನಿಲ್ಲಿಸಿದಳು. "ಇವೂ ಹೋದ್ರೆ ಅಪ್ಪಂದು ಅಂತ ನಿನ್ನ ಹತ್ರ ಏನಮ್ಮ ಉಳಿಯತ್ತೆ?"

"ಯಾಕೆ, ನೀನಿಲ್ವಾ?" ಎಂದಳು ತಾಯಿ. "ಇವಕ್ಕಿಂತ ದೊಡ್ಡ ಪೀಡೆ!"

ಮಗಳು ಅಳುತ್ತಲೇ ನಕ್ಕಳು.

ಭಾವ ಬಾಗಿಲಿಗೆ ಒರಗಿ ನಿಂತಿದ್ದರು. ಆಕೆ ಹೋಗುತ್ತ ಅವರೆದುರು ನಿಂತಳು. "ಭಾವ, ಮುಖ ಸಣ್ಣ ಮಾಡ್ಕೋಬೇಡಿ. ನೀವು ಚೆಲ್ಲದೇ ಇದ್ದಿದ್ರೆ ನಾನು ಸಾಯೋತನಕ ಗಾಳಿ ಹೊಡ್ಕೊಂಡು ಕೂತಿರ್ತಿದ್ದೆ."

"ಸತ್ತವು ಸತ್ತವೇ ಅಲ್ವಾ ತಾಯಿ," ಎಂದರು ಭಾವ.

"ಹೌದು. ಉಳಿದವು ಉಳಿದಿವೆ. ಬಕೆಟ್ ಹಿಡೀರಿ, ಭಾರ ಇದೆ."

* * *

ಸ್ಮಶಾನದ ದಾರಿ ತೊರೆಯ ಸೇತುವೆಯ ಮೇಲೇ ಹೋಗುತ್ತದೆ. ವ್ಯಾನು ಸೇತುವೆಯ ಮಧ್ಯೆ ನಿಂತಿತು. ಹಿಂದೆ ನಡೆದು ಬರುತ್ತಿದ್ದವರೂ ನಿಂತರು. ಮಗಳು ಡ್ರೈವರಿಗೆ ಹೇಳಿ ವ್ಯಾನಿನ ಹಿಂಬಾಗಿಲು ತೆಗೆಸಿದಳು. ಅಪ್ಪನೂ ನೋಡಲಿ ಎಂದಳು.

ಆಕೆ ಚಪ್ಪಲಿ ಬಿಟ್ಟು ದಡ ಇಳಿದಳು. ಒಂದು ಕಡೆ ಎಂಜಿನಿಯರ್ ಹುಡುಗಿ, ಇನ್ನೊಂದು ಕಡೆ ಭಾವ, ನಡುವೆ ಬಕೆಟ್ಟು. ಹುಡುಗಿ ತೊರೆಯ ನೀರನ್ನು ಬೊಗಸೆಯಲ್ಲಿ ತೆಗೆದು ಬಕೆಟ್ಟಿಗೆ ಸ್ವಲ್ಪ ಸ್ವಲ್ಪವೇ ಬೆರೆಸಿದಳು, ತಣ್ಣನೆಯ ನೀರಿಗೆ ಅವು ಒಗ್ಗಲಿ ಎಂದು. ಬಾಯಿ ತೆರೆಯುತ್ತಿದ್ದ ಮೀನುಗಳು ಮೆಲ್ಲಗೆ ಕೆಳಕ್ಕಿಳಿದವು. ಆಕೆ ಉಟ್ಟ ಬಟ್ಟೆಯ ಅಂಚನ್ನು ಎತ್ತಿ ಸೊಂಟಕ್ಕೆ ಸಿಕ್ಕಿಸಿ ನೀರಿಗೆ ಕಾಲಿಟ್ಟಳು. ಆ ತಂಪು ಕಾಲಿನಿಂದ ನೆತ್ತಿಗೇರಿತು. ಮದುವೆಯಾಗಿ ಬಂದ ಹೊಸದರಲ್ಲಿ ಇದೇ ತೊರೆಯಲ್ಲಿ ಕಾಲು ತೊಳೆದ ನೆನಪಾಯಿತು.

"ನೀನೇ ಬಿಡು ತಾಯಿ," ಎಂದರು ಭಾವ. "ನನ್ನ ಕೈ ಬೇಡ."

ಬಕೆಟ್ಟನ್ನು ನೀರಿನಲ್ಲಿ ಅಡ್ಡ ಮಲಗಿಸಿ ಬುಡ ಎತ್ತಿದಳು. ಮೀನುಗಳು ಹೊರಬಂದು, ಹೊರಬಂದದ್ದೇ ಗೊತ್ತಾಗದವರ ಹಾಗೆ ಅಲ್ಲೇ ಸುತ್ತತೊಡಗಿದವು. ತೊಟ್ಟಿಯ ಅಗಲದಷ್ಟೇ ಸುತ್ತು. ಹರಿಯುವ ನೀರನ್ನು ಅವು ಹುಟ್ಟಿದಂದಿನಿಂದ ಕಂಡಿರಲಿಲ್ಲ. ಅವುಗಳ ಅಪ್ಪ ಅಮ್ಮ, ಅಜ್ಜ ಅಜ್ಜಿಯರೂ ಕಂಡಿರಲಿಲ್ಲ. ಸುತ್ತುತ್ತಿದ್ದಂತೆಯೇ ನೀರು ಅವನ್ನು ಕೆಳಕ್ಕೆ ನೂಕಿತು. ದುಂಡಗೆ ಸುತ್ತುವ ಆ ಗುಂಪು ಹಾಗೇ ಜಾರುತ್ತ ಹೊರಟಿತು.

"ಅಯ್ಯೋ, ಹೊರಟೇಹೋದ್ವು!" ಎಂದರು ಭಾವ.

ಆಕೆಗೆ ಏನು ತೋಚಿತೋ, ದಡದಡ ನಡೆದು ಅವುಗಳಿಗಿಂತ ಸ್ವಲ್ಪ ಮೇಲಕ್ಕೆ, ನೀರಿನ ಸೆಳವಿಗೆ ಅಡ್ಡಲಾಗಿ ಎರಡೂ ಕಾಲೂರಿ ನಿಂತಳು. ಕಾಲಿಗೆ ಬಡಿದ ನೀರು ಎರಡಾಗಿ ಸೀಳಿತು. ಹಿಂದೆ, ಅವಳ ಹಿಮ್ಮಡಿಯ ಬಳಿ, ಅಂಗೈಯಷ್ಟು ಜಾಗದಲ್ಲಿ ನೀರು ನಿಂತಂತಾಯಿತು. ಜಾರುತ್ತಿದ್ದ ಮೀನುಗಳು ಒಂದೊಂದಾಗಿ ಆ ಸುಮ್ಮನಾದ ನೀರಿಗೆ ಬಂದು ಗುಂಪಾದವು.

"ಅಮ್ಮ, ಅಲುಗಬೇಡಿ," ಎಂದಳು ಹುಡುಗಿ ಪಿಸುದನಿಯಲ್ಲಿ.

ಅಲುಗುವ ಮಾತೇ ಇರಲಿಲ್ಲ. ಸೇತುವೆಯ ಕಟ್ಟೆಗೆ ಜನ ಬಾಗಿ ನೋಡುತ್ತಿದ್ದರು. ಸ್ವಲ್ಪ ಹೊತ್ತು ಹೋಯಿತು, ಇನ್ನೂ ಸ್ವಲ್ಪ ಹೊತ್ತು ಹೋಯಿತು. ಡ್ರೈವರ್ ಗಂಟಲು ಸರಿಮಾಡಿಕೊಂಡ.

"ಅಮ್ಮ, ಅಲ್ಲಿ ಗುಂಡಿ ತೋಡಿದೋರು ಕಾಯ್ತಿರ್ತಾರೆ. ಯಜಮಾನ್ರನ್ನ ಹೀಗೆ ಬಿಸಿಲಲ್ಲಿ..."

"ಕಾಯ್ಲಿ ಬಿಡಪ್ಪ," ಎಂದಳು ಆಕೆ, ತಲೆ ತಿರುಗಿಸದೆ. "ಜೀವಮಾನವಿಡೀ ಈ ಮೀನಿಗೋಸ್ಕರ ನನ್ನನ್ನ ಕಾಯಿಸಿದಾರೆ. ಇವತ್ತೊಂದು ಗಳಿಗೆ ಅವರೂ ಕಾಯ್ಲಿ."

ಸೇತುವೆಯ ಮೇಲೆ ಯಾರೋ ನಕ್ಕರು, ಆಮೇಲೆ ಹಲವರು ನಕ್ಕರು. ಕಾಲು ಜೋಮು ಹಿಡಿಯುತ್ತಿತ್ತು. ಆಕೆ ಹಲ್ಲು ಕಚ್ಚಿ ನಿಂತು, ಕತ್ತು ಬಗ್ಗಿಸಿ ಕೆಳಗೇ ನೋಡುತ್ತಿದ್ದಳು.

ಹಿಮ್ಮಡಿಯ ಹಿಂದಿನಿಂದ ಒಂದು ಗೆರೆ ಹೊರಬಂತು. ನೀರು ಅದನ್ನು ತಳ್ಳಿತು, ಅದು ಮತ್ತೆ ಒಳಗೆ ಸೇರಿಕೊಂಡಿತು. ಇನ್ನೊಮ್ಮೆ ಬಂತು. ಈ ಸಲ ತಲೆಯನ್ನು ನೀರು ಬರುವ ಕಡೆಗೆ ತಿರುಗಿಸಿ, ಇದ್ದಬದ್ದ ಬಲವನ್ನೆಲ್ಲ ಬಾಲಕ್ಕೆ ಹಾಕಿ, ಅವಳ ಎರಡು ಪಾದಗಳ ನಡುವೆ ನಿಂತಲ್ಲೇ ಈಜಿತು. ಮುಂದಕ್ಕೂ ಹೋಗಲಿಲ್ಲ, ಹಿಂದಕ್ಕೂ ಜಾರಲಿಲ್ಲ. ಪಾದದ ಗಂಟಿಗೆ ಅದರ ಬಾಲ ತಾಗುವುದು ಆಕೆಗೆ ತಿಳಿಯುತ್ತಿತ್ತು. ಆಮೇಲೆ ಅದು ಸರ್ರೆಂದು ಮೇಲಿನ ಕಲ್ಲಿನವರೆಗೆ ಹೋಗಿ ಪಾಚಿಗೆ ಬಾಯಿ ಹಾಕಿತು. ಅದರ ಹಿಂದೆ ಇನ್ನೊಂದು ಹೊರಟಿತು. ರೆಪ್ಪೆಗೂದಲಿನಂಥ ಆ ಮರಿ ಮಾತ್ರ ಅವಳ ಹಿಮ್ಮಡಿಗೆ ಒತ್ತಿಕೊಂಡು ನಿಂತಿತ್ತು; ಅದಕ್ಕಾಗಿ ಆಕೆ ಕಾಲು ಕದಲಿಸದೆ ನಿಂತಳು.